ಬಡಿದು ಕೇಳದ ಕಲ್ಲು

ಹೋದ ವಾರ ಉಳಿಗೆ ಸಾಣೆ ಹಿಡಿಯುತ್ತಿದ್ದಾಗ ಉಕ್ಕು ಸುಟ್ಟ ವಾಸನೆ ಬಂತು. ನೋಡಿದರೆ ಉಳಿಯ ತುದಿ ನೀಲಿಗಟ್ಟಿತ್ತು. ಹಳೆಯ ಉಳಿ ಹಾಗೆ ಸುಟ್ಟರೆ ಅದರ ಗಟ್ಟಿತನವೇ ಹೋಗುತ್ತದೆ, ಮರಕ್ಕೆ ತಾಕಿಸಿದ ಕೂಡಲೇ ಮೊಂಡು. ತಪ್ಪು ಉಳಿಯದ್ದಲ್ಲ, ಸಾಣೆಕಲ್ಲಿನದು. ಸವೆದು ಸವೆದು ಅದು ಅಂಗೈ ಅಗಲಕ್ಕೆ ಇಳಿದಿತ್ತು.

ರೋಣದಲ್ಲಿ ನನ್ನದೊಂದು ಔಷಧದ ಅಂಗಡಿ. ಬಿಡುವು ಸಿಕ್ಕಾಗ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಲೇತಿಗೆ ಕೊಟ್ಟು ಮರ ಕಡೆಯುವುದು ನನ್ನ ಹುಚ್ಚು. ಹುಚ್ಚು ಎಂದವಳು ನನ್ನ ಹೆಂಡತಿ. ನಾನು ಕಡೆದ ಲಟ್ಟಣಿಗೆಯಲ್ಲಿ ಲಟ್ಟಿಸಿದರೆ ಚಪಾತಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗೆ ಬರುತ್ತದಂತೆ. ನೆಂಟರು ಬಂದರೆ ಮೊದಲು ಲಟ್ಟಣಿಗೆ ತೋರಿಸಿ, ಆಮೇಲೆ ಚಪಾತಿ ಬಡಿಸುತ್ತಾಳೆ. ಲೇತಾಗಲಿ ಸಾಣೆ ಮಷಿನ್ನಾಗಲಿ ನಾನು ಕೊಂಡದ್ದಲ್ಲ. ಎರಡೂ ಗಜೇಂದ್ರಗಡದ ನನ್ನ ಕಾಕಾನವು, ಅಪ್ಪನ ತಮ್ಮನವು. ಕೈ ನಡುಗತೊಡಗಿದ ಮೇಲೆ ನನಗೆ ಕೊಟ್ಟುಬಿಟ್ಟ.

ಕಾಕಾ ಕಡೆದ ತೊಟ್ಟಿಲಿನ ಕಾಲುಗಳು ನರಗುಂದದವರೆಗೂ ಹೋಗಿವೆ. ನಾನು ಸಣ್ಣವನಿದ್ದಾಗ ಅವನ ಕೆಲಸದಲ್ಲಿ ನನಗೆ ಅತಿ ಇಷ್ಟವಾಗುತ್ತಿದ್ದದ್ದು ಹೊಸ ಸಾಣೆಕಲ್ಲು ತಂದ ದಿನ. ಕಲ್ಲಿನ ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸುತ್ತಿದ್ದ. ಉಳಿಯ ಮರದ ಹಿಡಿಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ. ನೆಟ್ಟಗಿನ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಬಿರುಕು ಬಿಟ್ಟದ್ದು ಧಪ್ಪೆನ್ನುತ್ತದೆ. ಬಿರುಕಿನ ಕಲ್ಲು ಮಷಿನ್ನಿನಲ್ಲಿ ಜೋರಾಗಿ ತಿರುಗಿದರೆ ಸಿಡಿದು ಚೂರಾಗುತ್ತದೆ. ಸಂತೆಯಲ್ಲಿ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಗಡಿಗೆ ಕೊಳ್ಳುವುದೂ ಹೀಗೆಯೇ. ಬೆರಳ ಗೆಣ್ಣಿನಿಂದ ಬಡಿದು ನೋಡದೆ ಆಕೆ ಒಂದು ಮುಚ್ಚಳವನ್ನೂ ಮನೆಗೆ ತಂದವಳಲ್ಲ. ಕುಂಬಾರರು ಆಕೆಯನ್ನು ಕಂಡರೆ ಒಳ್ಳೆಯ ಗಡಿಗೆಗಳನ್ನೇ ಮುಂದಿಡುತ್ತಿದ್ದರು.

ಒಂದು ಮಹಾನವಮಿಗೆ ಆ ಮನೆಯಲ್ಲಿ ನಗು ನಿಂತುಹೋಯಿತು. ಖಂಡೇಪೂಜೆಗೆಂದು, ಅಂದರೆ ಆಯುಧಪೂಜೆಗೆಂದು, ಉಳಿಗಳನ್ನೆಲ್ಲ ತೊಳೆದ ಚಿಗವ್ವ, ಸಾಣೆಕಲ್ಲೂ ಆಯುಧವೇ ಅಲ್ಲವೇ ಎಂದು ಅದರ ಮೇಲೂ ಭಕ್ತಿಯಿಂದ ಒಂದು ತಂಬಿಗೆ ನೀರು ಸುರಿದಳು. ಕಲ್ಲು ಹೊಸದು, ಹಬ್ಬದ ಹಿಂದಿನ ದಿನ ಕಾಕಾ ಮಷಿನ್ನಿಗೆ ಕೂಡಿಸಿದ್ದು. ಹಬ್ಬ ಮುಗಿಸಿ ಕಾಕಾ ಮಷಿನ್ ಚಾಲೂ ಮಾಡಿದ. ಕಲ್ಲು ಸಿಡಿದು ಒಂದು ಚೂರು ಅವನ ಬಲಗಣ್ಣಿಗೆ ಹೊಡೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ನೋಡಲು ಬಂದ ಹಿರಿಯರು, ಕಲ್ಲು ನೀರು ಕುಡಿದು ಒಂದು ಬದಿಗೆ ಭಾರವಾಗಿತ್ತು, ಅದಕ್ಕೇ ಒಡೆಯಿತು ಎಂದರು. ಚಿಗವ್ವ ಅದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಅಂದಿನಿಂದ ಕಾಕಾನ ಕೆಲಸದ ಕೋಣೆಯ ಹೊಸ್ತಿಲು ದಾಟಲಿಲ್ಲ. ಪೂಜೆಯ ತಟ್ಟೆಯನ್ನು ಹೊರಗೆ ನಿಂತೇ ಕೊಡುವಳು. ವರ್ಷಕ್ಕೊಮ್ಮೆ ಇಟಗಿಯ ಭೀಮವ್ವನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರುವಳು.

ಹೊಸ ಕಲ್ಲಿಗಾಗಿ ಮೊನ್ನೆ ಗಜೇಂದ್ರಗಡಕ್ಕೆ ಹೋದೆ. ಅಂಗಡಿಯಲ್ಲಿ ಬೂದು ಬಣ್ಣದ್ದೂ ಇತ್ತು, ಬಿಳಿಯದೂ ಇತ್ತು. ಬೂದು ಬಣ್ಣದ್ದು ಗಟ್ಟಿ, ಬಾಳಿಕೆ ಹೆಚ್ಚು. ಬಿಳಿಯದು ಬೇಗ ಸವೆದರೂ ಉಳಿಯನ್ನು ಸುಡುವುದಿಲ್ಲ. ನನ್ನ ಬುದ್ಧಿಯ ಮೇಲೆ ನನಗೇ ಭರವಸೆಯಿಲ್ಲದ್ದರಿಂದ, ಬೇಡವಾದದ್ದನ್ನು ಮರಳಿಸುವ ಮಾತಿನ ಮೇಲೆ ಎರಡನ್ನೂ ಹೊತ್ತು ಕಾಕಾನ ಮನೆಗೆ ನಡೆದೆ.

ಕಾಕಾ ಇದ್ದೊಂದು ಕಣ್ಣಿನ ಹತ್ತಿರ ತಂದು ಎರಡನ್ನೂ ನೋಡಿ ಬಿಳಿಯದನ್ನು ಆರಿಸಿದ. ನಡುಗುವ ಬೆರಳಿಗೆ ನೇತುಹಾಕಿ ಬಡಿದ. ದನಿ ಪಡಸಾಲೆಯ ತುಂಬ ಹರಡಿತು. ಅಷ್ಟರಲ್ಲಿ ಚಹಾ ತಂದ ಚಿಗವ್ವ ಕಲ್ಲು ಕಂಡು ಅಲ್ಲೇ ನಿಂತಳು.

"ಹಬ್ಬದಾಗ ಇದನ್ನ ತೊಳೀಬ್ಯಾಡ ಅಂತ ನಿನ್ನ ಹೇಣ್ತಿಗೆ ಹೇಳಪಾ," ಎಂದಳು. "ನಾ ತೊಳದು ಇವರ ಕಣ್ಣ ಕಳದೇನಿ."

ಕಾಕಾ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡ. ತಲೆ ಎತ್ತದೆಯೇ ಹೇಳಿದ.

"ನೀ ತೊಳದದ್ದಕ್ಕ ಒಡೀಲಿಲ್ಲ ಅದು. ತಂದಾಗನ ಬಿರಕ ಬಿಟ್ಟಿತ್ತು. ಹಬ್ಬದ ಗಡಿಬಿಡಿಯಾಗ ನಾ ಬಡದು ಕೇಳಲಿಲ್ಲ."

ದವಾಖಾನೆಯಿಂದ ಬಂದ ಮೇಲೆ ಅವನು ಚೂರುಗಳನ್ನು ಆರಿಸಿ ನೋಡಿದ್ದನಂತೆ. ಹೊಸದಾಗಿ ಒಡೆದ ಕಡೆ ಕಲ್ಲು ಸ್ವಚ್ಛವಾಗಿತ್ತು. ಒಂದು ಬೆರಳಿನಷ್ಟು ಜಾಗದಲ್ಲಿ ಮಾತ್ರ ಹಳೆಯ ಮಣ್ಣು ಹೊಕ್ಕು ಕರಿಗಟ್ಟಿತ್ತು. ನೋಡಿದವನೇ ಚೂರುಗಳನ್ನು ಹಾಳುಬಾವಿಗೆ ಎಸೆದುಬಂದ.

ನನಗೆ ಕಾಕಾನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಇಷ್ಟು ವರ್ಷ ಬಾಯಿ ಯಾಕೆ ಬಿಡಲಿಲ್ಲವೆಂದು ಕೇಳಿಯೇಬಿಟ್ಟೆ.

"ಬಡದು ನೋಡಲಾರದ ಕಲ್ಲ ಕೂಡಿಸಿದ ಅಂತ ಮಂದಿ ನಗತಾರ ಅಂತ ಮೊದಲ ದಿನ ಸುಮ್ಮನಾದೆ ತಮ್ಮಾ. ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ."

ಚಿಗವ್ವ ಅಳಲಿಲ್ಲ. ಅವನ ತೊಡೆಯ ಮೇಲಿನ ಕಲ್ಲು ಎತ್ತಿಕೊಂಡು, ತೂತಿಗೆ ಬೆರಳು ಹಾಕಿ, ಗಡಿಗೆ ಬಡಿಯುವಂತೆ ಗೆಣ್ಣಿನಿಂದ ಬಡಿದಳು. ಕಿವಿಯ ಹತ್ತಿರ ಹಿಡಿದು ದನಿ ಪೂರ್ತಿ ಅಡಗುವವರೆಗೆ ಕೇಳಿದಳು.

"ನನ್ನ ಕರದಿದ್ರ ನಾ ಬಡದು ಹೇಳತಿದ್ದೆರಿ," ಎಂದಳು. ಆಕೆ ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದು, ನನ್ನೊಡನೆ ರೋಣದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಲ್ಲು ಆಕೆಯ ಮಡಿಲಲ್ಲೇ ಇತ್ತು.

ಇವತ್ತು ಬಿಳಿಯ ಕಲ್ಲು ಕೂಡಿಸಿದೆ. ಚಿಗವ್ವ ಶೆಡ್ಡಿನ ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದವಳು, ಯಾರೂ ಕರೆಯದೆಯೇ ಒಳಗೆ ಬಂದು ಮಷಿನ್ನಿಗೆ ವಿಭೂತಿ ಹಚ್ಚಿದಳು. ಇಬ್ಬರೂ ಬದಿಗೆ ಸರಿದು ನಿಂತು ಗುಂಡಿ ಒತ್ತಿದೆವು. ಕಲ್ಲು ಅದುರದೆ ತಿರುಗಿತು. ಉಳಿ ತಾಕಿಸಿದೆ, ಸುಟ್ಟ ವಾಸನೆ ಬರಲಿಲ್ಲ.

ಅಷ್ಟರಲ್ಲಿ ಕಾಕಾನ ಫೋನ್ ಬಂತು. ಕೂಡಿಸುವ ಮೊದಲು ಇನ್ನೊಮ್ಮೆ ಬಡಿದು ಕೇಳಿದಿರೇನು ಎಂದು ವಿಚಾರಿಸಿದ. ನಾನು ಫೋನನ್ನು ಚಿಗವ್ವನ ಕಡೆ ಚಾಚಿದೆ. ಆಕೆ ಅದನ್ನು ಮುಟ್ಟಲಿಲ್ಲ, ತಿರುಗುವ ಕಲ್ಲಿನಿಂದ ಕಣ್ಣನ್ನೂ ತೆಗೆಯಲಿಲ್ಲ.

"ನಾ ಕೇಳೇನಿ ಅಂತ ಹೇಳು," ಎಂದಳು.