ಧೂಳು ಕಣಕ್ಕ, ಬರೀ ಧೂಳು

ಕಂಪ್ಯೂಟರಿನ ಡಬ್ಬ ಬಿಚ್ಚುವ ಮೊದಲು ಎದುರುಮನೆ ಮಾವ ನಮ್ಮ ಕಿಟಕಿಯ ಬಣ್ಣ ಹೋದ ಕಬ್ಬಿಣದ ಸರಳನ್ನು ಹಿಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರು. ಹಣೆಯಲ್ಲಿ ಮೂರೆಳೆ ವಿಭೂತಿ, ಕಿವಿಯ ಮೇಲೆ ಸಿಕ್ಕಿಸಿದ ಸ್ಕ್ರೂಡ್ರೈವರ್. ಮೊದಲ ಸಲ ಅದನ್ನು ಕಂಡ ಅಮ್ಮ ಅಡುಗೆಮನೆಯಿಂದ ಬಂದು ತಾನೂ ಕೈ ಮುಗಿದಿದ್ದಳು.

"ಪೂಜೆ ಅಲ್ಲ ಕಣಕ್ಕ, ಮೈಯಲ್ಲಿರೋ ಕರೆಂಟ್ ಇಳಿಸ್ತಾ ಇದೀನಿ. ಇಲ್ದಿದ್ರೆ ಒಳಗಿನ ಪಾರ್ಟು ಸುಟ್ಟೋಯ್ತವೆ" ಎಂದು ಮಾವ ನಕ್ಕರು. ಅಮ್ಮ ನಂಬಲಿಲ್ಲ. ಕೊನೆಯವರೆಗೂ ಅದನ್ನು ಪೂಜೆಯೆಂದೇ ತಿಳಿದಿದ್ದಳು.

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡಿ ನಿವೃತ್ತರಾಗಿ, ಗುಬ್ಬಿಯ ನಮ್ಮ ಬೀದಿಗೆ ಬಂದವರು ಅವರು. ನಾನು ಮನೆಯಲ್ಲೇ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕೆಲಸ ಹಿಡಿದಾಗ, ನನ್ನ ಜೊತೆ ತುಮಕೂರಿಗೆ ಬಂದು ಒಂದೊಂದೇ ಸಾಮಾನು ಆರಿಸಿ, ನಮ್ಮ ಊಟದ ಮೇಜಿನ ಮೇಲೆ ಕಂಪ್ಯೂಟರ್ ಜೋಡಿಸಿಕೊಟ್ಟರು. ಅದು ಕೆಟ್ಟಾಗಲೆಲ್ಲ ಅವರ ಮೊದಲ ಪ್ರಶ್ನೆ, "ಕೊನೇ ಸಲ ಯಾವಾಗ ಸರಿಯಾಗಿತ್ತು?" ಆಮೇಲೆ ಎಲ್ಲವನ್ನೂ ಕಿತ್ತು ಪಕ್ಕಕ್ಕಿಟ್ಟು, ಒಂದೊಂದನ್ನೇ ಮತ್ತೆ ಹಾಕಿ ನೋಡುವುದು. ನನಗೋ ಯಾವಾಗಲೂ ಅವಸರ. "ಆ ಅಂಗಡಿಯವ್ನೇ ಹಳೇದು ಕೊಟ್ಟವ್ನೆ" ಎಂದು ಹಾರಾಡುತ್ತಿದ್ದೆ.

"ತಪ್ಪು ಎಲ್ಲೈತೆ ಅಂತ ಹುಡುಕವ್ವ, ಯಾರ್ದು ಅಂತ ಹುಡುಕ್ಬೇಡ" ಎನ್ನುತ್ತಿದ್ದರು ಮಾವ, ತಲೆ ಎತ್ತದೆ.

ಅಪ್ಪ ಹೋದ ಮೇಲೆ ಅಮ್ಮ ಶುಭಕಾರ್ಯಗಳಿಂದ ದೂರ ಸರಿದಿದ್ದಳು. ಯಾವುದೋ ಮದುವೆಮನೆಯಲ್ಲಿ ಯಾರೋ ನಾಲಿಗೆ ಹರಿಬಿಟ್ಟಿದ್ದರು. ಒಂದು ವರ್ಷ ಆಯುಧಪೂಜೆಗೆ ನಾನು ಹಟ ಹಿಡಿದೆ. ನನಗೆ ಅನ್ನ ಕೊಡುವ ಮೆಷಿನ್ನಿಗೆ ನೀನೇ ಪೂಜೆ ಮಾಡಬೇಕು ಎಂದೆ. ಬೇಡ ಬೇಡ ಎನ್ನುತ್ತಲೇ ಒಪ್ಪಿದಳು. ಈಳಿಗೆಮಣೆಗೆ, ಕುಡುಗೋಲಿಗೆ ಮಾಡುವ ಹಾಗೆಯೇ ಇದಕ್ಕೂ ನೀರು ಚಿಮುಕಿಸಿ, ನೆನೆಸಿದ ವಿಭೂತಿ ಬಳಿದು, ಹೂ ಏರಿಸಿದಳು. ಮಾರನೆಯ ದಿನ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಒಳಗೆಲ್ಲೋ ಬೀಪ್ ಬೀಪ್ ಎಂದು ಕೂಗಿತು, ಪರದೆ ಮಾತ್ರ ಕಪ್ಪು.

"ನಂಗೊತ್ತಿತ್ತು ಕಣೇ. ನನ್ ಕೈ ತಾಗ್ಬಾರ್ದಿತ್ತು" ಎಂದು ಅಮ್ಮ ಮೂಲೆ ಹಿಡಿದು ಕೂತಳು. ಊಟ ಮುಟ್ಟಲಿಲ್ಲ. ನನಗೆ ಮೆಷಿನ್ನಿನ ಚಿಂತೆ ಹೋಗಿ ಅವಳದೇ ಚಿಂತೆಯಾಯಿತು. ಇದು ಸರಿಹೋಗದಿದ್ದರೆ ಅವಳು ಇನ್ನು ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವವಳಲ್ಲ.

ಮಾವ ಬಂದರು. ಸರಳು ಹಿಡಿದು ನಿಂತರು, ಡಬ್ಬ ಬಿಚ್ಚಿದರು. ಮೆಮೊರಿ ಪಟ್ಟಿಯನ್ನು ಎಳೆದಾಗ, ಅದು ಕೂರುವ ಸಂದಿಯಲ್ಲಿ ವಿಭೂತಿ ಹಸಿ ಹಿಟ್ಟಿನಂತೆ ಮೆತ್ತಿದ್ದುದು ನನಗೂ ಕಂಡಿತು. ಡಬ್ಬದ ಮೇಲಿನ ಜಾಲರಿಯಿಂದ ನೀರಿನೊಂದಿಗೆ ಇಳಿದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನನ್ನು ದುರುಗುಟ್ಟಿ ನೋಡಿದರು. ವಿಭೂತಿಯನ್ನು ಬ್ರಷ್ಷಿನಿಂದ ಬಿಡಿಸಿ, ಕರ್ಚೀಫಿನಲ್ಲಿ ಮಡಿಸಿ ಜೇಬಿಗಿಟ್ಟರು. ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜಿ, ಎಲ್ಲ ಚೆನ್ನಾಗಿ ಒಣಗುವವರೆಗೆ ಕಾದು, ಮತ್ತೆ ಕೂರಿಸಿದರು. ಪರದೆ ಬೆಳಗಿತು.

"ಧೂಳು ಕಣಕ್ಕ, ಬರೀ ಧೂಳು" ಎಂದರು ಅಮ್ಮನಿಗೆ. "ಇವ್ಳು ಒರೆಸೋದೇ ಇಲ್ಲ, ಸೋಂಬೇರಿ. ಮುಂದಿನ್ ವರ್ಷ ನಮ್ಮನೆ ಕಂಪ್ಯೂಟ್ರಿಗೂ ನೀವೇ ಬಂದು ಪೂಜೆ ಮಾಡ್ಕೊಡಿ."

ಬೈಗುಳ ನನ್ನ ತಲೆಗೆ ಬಿತ್ತು. ಬೀಳಲಿ ಬಿಡಿ. ಅಮ್ಮ ಎದ್ದು ಅವರಿಗೆ ಕಾಫಿಗಿಟ್ಟಳು. ಅವಳು ಇರುವವರೆಗೂ ಎರಡೂ ಮನೆಯ ಪೂಜೆ ಅವಳದೇ ಆಯಿತು. ಪ್ರತಿ ಸಲ ಪೂಜೆಗೆ ಮೊದಲು ಮಾವ ಸದ್ದಿಲ್ಲದೆ ಬಂದು ಜಾಲರಿಯ ಮೇಲೊಂದು ರಟ್ಟು ಮುಚ್ಚಿ ಹೋಗುತ್ತಿದ್ದರು.

ಹೋದ ವರ್ಷ ಮಾವ ತಮ್ಮ ನಡುಮನೆಯಲ್ಲಿ ಬಿದ್ದರು. ಅವರ ಸೊಸೆ ಆಗತಾನೇ ನೆಲ ಒರೆಸಿ ಹಿತ್ತಲಿಗೆ ಹೋಗಿದ್ದಳು. ಬಾಗಿಲಲ್ಲಿ ನಿಂತಿದ್ದ ನಾನು, ಒದ್ದೆ ನೆಲದ ಮೇಲೆ ಅವರ ಕಾಲು ಜಾರಿದ್ದನ್ನು ಕಣ್ಣಾರೆ ಕಂಡೆ. ತುಮಕೂರಿನ ಆಸ್ಪತ್ರೆಯಲ್ಲಿ ನೆಂಟರೊಬ್ಬರು ಸೊಸೆಗೆ ಕೇಳಿಸುವಂತೆಯೇ, "ಒದ್ದೆ ಐತೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದರು. ಅವಳು ಗೋಡೆಗೊರಗಿ ಬಿಕ್ಕುತ್ತಿದ್ದಳು. ಮಾವ ಕಣ್ಣು ತೆರೆದರು.

"ತಲೆ ಸುತ್ತು ಬಂತು ಕಣವ್ವ" ಎಂದರು ಸೊಸೆಗೆ. "ಬರೀ ತಲೆಸುತ್ತು." ಆಮೇಲೆ ನನ್ನ ಕಡೆ ತಿರುಗಿ ದುರುಗುಟ್ಟಿ ನೋಡಿದರು, ಅವತ್ತು ನೋಡಿದ ಹಾಗೆಯೇ.

ಅವರು ಮನೆಗೆ ಮರಳಲಿಲ್ಲ. ಹತ್ತಿರದ ಕಡಬದಲ್ಲಿದ್ದ ಅವರ ತೋಟದಲ್ಲಿ ಮಣ್ಣಿಗಿಟ್ಟು ಬಂದ ಸಂಜೆ, ಅವರ ಮನೆಯ ಜಗಲಿಯ ಮೇಲೆ ಅದೇ ಮಾತು ಮತ್ತೆ ಎದ್ದಿತು. ನೆಲ ಒರೆಸಿದ್ದು ಯಾರು, ಯಾಕೆ ಹೇಳಲಿಲ್ಲ. ಸೊಸೆ ಬಾಗಿಲ ಹಿಂದೆ ಮುದುಡಿ ಕೂತಿದ್ದಳು. ನಾನು ಕೈಗೆ ಸಿಕ್ಕಿದ ಕಿಟಕಿಯ ಸರಳನ್ನು ಹಿಡಿದುಕೊಂಡೆ.

"ನಾನಲ್ಲೇ ಇದ್ದೆ" ಎಂದೆ. "ತಲೆಸುತ್ತು. ಬರೀ ತಲೆಸುತ್ತು."

ಜಗಲಿಯ ಮೇಲಿನ ಮಾತು ಬೇರೆ ಕಡೆ ಹೊರಳಿತು. ಸೊಸೆ ಕಣ್ಣೊರೆಸಿಕೊಂಡು ಎದ್ದು, ಬಂದವರಿಗೆ ಕಾಫಿಗಿಡಲು ಒಳಗೆ ಹೋದಳು.