ಬಸಲಿಂಗಮ್ಮನ ಸೋನಾಮುಖಿ

ಶೋಭಾ ಮೊದಲ ಸಲ ಬಸಲಿಂಗಮ್ಮನ ಮುಂದೆ ಬಂದು ನಿಂತದ್ದು ಒಂದು ಸೋಮವಾರದ ಬೆಳಿಗ್ಗೆ. ಕೂಕಟ್‌ಪಲ್ಲಿಯ ತರಕಾರಿ ಮಾರುಕಟ್ಟೆಯ ತುದಿಯಲ್ಲಿ, ದೊಡ್ಡದೊಂದು ಕಪ್ಪು ಛತ್ರಿಯ ಕೆಳಗೆ ಗೋಣಿತಟ್ಟು ಹಾಸಿಕೊಂಡು ಬಸಲಿಂಗಮ್ಮ ಗಿಡಮೂಲಿಕೆ ಮಾರುತ್ತಿದ್ದಳು. ಹುಮನಾಬಾದಿನಿಂದ ಈ ತೆಲುಗು ಸೀಮೆಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಕನ್ನಡ ಕಿವಿಗೆ ಬಿದ್ದರೆ ಅವಳ ಮುಖ ಅರಳುತ್ತಿತ್ತು.

“ಸೋನಾಮುಖಿ ಐತೇನ್ರಿ ಅಕ್ಕಾ?”

“ಐತಿ. ಕುಡಿಯೋರು ಯಾರು?”

ಈ ಪ್ರಶ್ನೆ ಕೇಳದೆ ಅವಳು ಯಾರಿಗೂ ಆ ಪೊಟ್ಟಣ ಕಟ್ಟಿದವಳಲ್ಲ. ದೇಶಿ ಔಷಧ ಮಾರುತ್ತಿದ್ದ ಅಪ್ಪ ಕಲಿಸಿದ ಕಟ್ಟುಪಾಡು ಅದು. ರಾಜಸ್ಥಾನದ ಮರಳಿನಲ್ಲಿ, ಮಳೆಯ ಹಂಗಿಲ್ಲದೆ ಬೆಳೆಯುವ ಎಲೆ. ಕಟ್ಟಿದ ಹೊಟ್ಟೆಯನ್ನು ಬೆಳಗಾಗುವುದರೊಳಗೆ ಬಿಡಿಸುತ್ತದೆ. ಬಡೇಸೋಪು, ಒಣಶುಂಠಿ ಸೇರಿಸದಿದ್ದರೆ ಹೊಟ್ಟೆ ಹಿಂಡುತ್ತದೆ. ಮೂರು ದಿನ ಮೀರಿದರೆ ಕರುಳಿಗೆ ಸೋಮಾರಿತನ ಹತ್ತುತ್ತದೆ. ಬಸುರಿಗಂತೂ ಕೊಡಲೇಬಾರದು ಎಂದಿದ್ದ ಅಪ್ಪ.

“ನಮ್ಮ ಮನಿಯವ್ರಿಗೆ,” ಎಂದಳು ಶೋಭಾ. “ನಿಮ್ಮಲ್ಲಿ ವಾರಾ ವಾರಾ ನೆಲ್ಲಿಪುಡಿ ಒಯ್ತಾರಲ್ರಿ, ಹಿಂದಿನ ಓಣಿ ವೀರಭದ್ರಪ್ಪ? ನಾಕು ದಿನ ಆತು, ಹೊಟ್ಟಿ ಕಲ್ಲಾಗೈತಿ.”

ಬಸಲಿಂಗಮ್ಮ ಎಲೆ ಅಳೆದು ಕಟ್ಟಿಕೊಟ್ಟಳು.

ಸಂಜೆ ಐದಕ್ಕೆ ವೀರಭದ್ರಪ್ಪನವರೇ ಎದುರಿಗೆ ಬಂದರು. ಕೈಯಲ್ಲಿ ಮಿರ್ಚಿ ಭಜ್ಜಿಯ ಕಾಗದ, ಬಾಯಿ ತುಂಬ ಭಜ್ಜಿ.

“ಅಯ್ಯ ಶಿವನ! ಹೊಟ್ಟಿ ಕಟ್ಟಿಕೊಂಡು ಮಿರ್ಚಿ ತಿನ್ನಾಕತ್ತೀರೇನ್ರಿ?”

“ಯಾರ ಹೊಟ್ಟಿ? ನಂದು ಗಡಿಯಾರ ಇದ್ದಂಗ ಐತಿ ತಾಯಿ!”

“ಮತ್ತ ನಿಮಗಂತ ಮುಂಜಾನೆ ಸೋನಾಮುಖಿ ಒಯ್ದಾರಲ್ಲ, ನಿಮ್ಮ ಮನಿಯವ್ರು?”

ವೀರಭದ್ರಪ್ಪ ಅತ್ತಿತ್ತ ನೋಡಿ, ಹಿಗ್ಗು ತಡೆಯಲಾರದೆ ದನಿ ತಗ್ಗಿಸಿದರು. “ಸೊಸಿಗೆ ಇರಬೇಕು. ನಾಕನೇ ತಿಂಗಳ್ರಿ. ಐದು ತುಂಬೋ ತನಕ ಯಾರಿಗೂ ಹೇಳಬ್ಯಾಡ ಅಂದಾಳ ನಮ್ಮಾಕಿ. ದೃಷ್ಟಿ ಆಗತೈತಂತ.”

ಬಸಲಿಂಗಮ್ಮ ತಟ್ಟನೆ ಎದ್ದು ನಿಂತಳು. ಸೊಸೆಯ ಬೇನೆಯನ್ನು ಹಿರಿಯರ ಹೆಸರಿನಲ್ಲಿ ಹೇಳಿ ಮದ್ದು ಒಯ್ಯುವ ವಾಡಿಕೆ ಅವಳಿಗೆ ಗೊತ್ತಿಲ್ಲದ್ದಲ್ಲ.

“ಮನಿಗೆ ಫೋನ್ ಹಚ್ಚ್ರಿ!”

“ಫೋನ್ ಚಾರ್ಜಿಗೆ ಇಟ್ಟು ಬಂದೀನಲ್ರಿ.”

“ಭಯ್ಯಾ, ಜರಾ ದೇಖ್ನಾ,” ಎಂದು ಪಕ್ಕದ ಎಳನೀರಿನವನಿಗೆ ಅಂಗಡಿ ಒಪ್ಪಿಸಿ ಅವಳು ಹೊರಟೇಬಿಟ್ಟಳು. ಭಜ್ಜಿಯ ಸಮೇತ ವೀರಭದ್ರಪ್ಪ ಹಿಂದೆ ಓಡಿದರು.

ಬಾಗಿಲು ತೆರೆದೇ ಇತ್ತು. ಒಳಗೆ ಸೊಸೆ ಮಾನಸಾ ಮೂಗು ಹಿಡಿದುಕೊಂಡು ಲೋಟವನ್ನು ತುಟಿಯ ಹತ್ತಿರ ತಂದಿದ್ದಳು.

“ಇಡವ್ವಾ ಕೆಳಗ!”

ಲೋಟ ತುಂಬಿಯೇ ಇತ್ತು. ಬಸಲಿಂಗಮ್ಮ ಅದನ್ನು ಇಸಿದುಕೊಂಡು ಮೋರಿಗೆ ಸುರಿದ ಮೇಲೆಯೇ ಉಸಿರು ಬಿಟ್ಟಳು.

“ಎಲಿ ಅಲ್ಲೇನ್ರಿ ಅಕ್ಕಾ, ಏನಾಗತೈತಿ ಅಂತ…” ಎನ್ನುತ್ತ ಶೋಭಾ ಅಡುಗೆಮನೆಯಿಂದ ಓಡಿಬಂದಳು.

“ಎಲಿ ಅಂತ ಹಗರ ತಿಳೀಬ್ಯಾಡ್ರಿ. ಮದ್ದಿನ ಮುಂದ ನಾಚಿಕಿ ನಡಿಯಂಗಿಲ್ಲ.” ಆಮೇಲೆ ಮಾನಸಾಳ ಕಡೆ ತಿರುಗಿದಳು. “ನೆನೆಸಿದ ಒಣದ್ರಾಕ್ಷಿ ತಿನ್ನು, ನೀರು ಭಾಳ ಕುಡಿ. ನಾಳೆ ನಿಮ್ಮ ಡಾಕ್ಟರಮ್ಮಗ ಬಾಯಿಬಿಟ್ಟು ಹೇಳು.” ಹೊಸ್ತಿಲಲ್ಲಿ ನಿಂತು ಮತ್ತೆ ಎಂದಳು, “ತಪ್ಪು ನಂದೂ ಐತಿ. ಕೇಳಿದೆ, ಹೇಳಿದ್ದನ್ನ ನಂಬಿಬಿಟ್ಟೆ.”

ಮಾನಸಾಳ ಮಗಳು ಮಾನ್ಯಾ ಈಗ ಅದೇ ಮಾರುಕಟ್ಟೆಯಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾಳೆ. ಬಸಲಿಂಗಮ್ಮ ಈಗೀಗ ಸೋನಾಮುಖಿಯನ್ನು ಕುಡಿಯುವವರ ಕೈಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಕೆಲವರು ಗೊಣಗಿ ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ ಎನ್ನುತ್ತಾಳೆ. ನಾಚುವ ಹೆಣ್ಣುಮಕ್ಕಳು ಬಂದರೆ ಛತ್ರಿಯನ್ನು ರಸ್ತೆಯ ಕಡೆಗೆ ಬಾಗಿಸಿ, ಮರೆಯಲ್ಲಿ ಕೂರಿಸಿಕೊಂಡು ಕಿವಿಗೊಡುತ್ತಾಳೆ.

ಹೋದ ವಾರ ಆ ಮರೆಗೆ ವೀರಭದ್ರಪ್ಪನವರೇ ಬಂದು ಕುಳಿತರು.

“ಗಡಿಯಾರ ನಿಂತೈತಿ ತಾಯಿ.”

“ಕುಡಿಯೋರು ಯಾರು?” ಎಂದಳು ಬಸಲಿಂಗಮ್ಮ, ತಕ್ಕಡಿ ಮುಟ್ಟದೆ.