ಬಯಕೆ ಬುತ್ತಿಯಲ್ಲಿ ಬಂದ ಕೆಮ್ಮಣ್ಣು

ಬಸುರಿದ್ದಾಗ ನಿಮ್ಮಲ್ಲಿ ಯಾರಾದರೂ ಮಣ್ಣು ತಿಂದಿದ್ದೀರಾ? ನಾಚಿಕೊಳ್ಳಬೇಡಿ. ನಾನು ತಿಂದಿದ್ದೇನೆ, ಅದೂ ಕದ್ದು.

ಆಗಿನ್ನೂ ನಿಜಾಮನ ಆಳ್ವಿಕೆ. ನನ್ನ ತವರು ಮಸ್ಕಿ ಕಡೆಯ ಕೆಂಪು ನೆಲ, ಕೊಟ್ಟದ್ದು ಸಿಂಧನೂರು ಕಡೆಯ ಕಪ್ಪು ಎರೆಭೂಮಿಗೆ. ಹದಿನಾರಕ್ಕೆ ಚೊಚ್ಚಲ ಬಸಿರು. ನಾಲ್ಕನೇ ತಿಂಗಳಲ್ಲಿ ಶುರುವಾಯಿತು ನೋಡಿ. ಅತ್ತೆ ಅಡುಗೆಮನೆ ಸಾರಿಸಿ ಹೊರಗೆ ಹೋದರೆ ಸಾಕು, ಹಸಿ ಗೋಡೆಯ ವಾಸನೆಗೆ ಬಾಯಲ್ಲಿ ನೀರು. ಉಗುರಿನಿಂದ ಕೆರೆದು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಒಲೆಯ ಪಕ್ಕದ ಗೋಡೆ ಗುಳಿ ಬಿತ್ತು. ಇಲಿಯ ಕೆಲಸ ಎಂದು ಅತ್ತೆ ಎರಡು ಸಲ ಮೆತ್ತಿದಳು. ಮೂರನೇ ಸಲ ನನ್ನ ಉಗುರು ನೋಡಿದಳು.

"ನಮ್ಮ ಮನ್ಯಾಗಿನ ಇಲಿ ಸೀರಿ ಉಡ್ತಾವೇನು?"

ಬೈದಳೇ ಹೊರತು ಬಿಡಿಸಲಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ಭಯ ಅವಳಿಗೆ.

ಆರನೇ ತಿಂಗಳಿಗೆ ಕೊಡ ಎತ್ತಲಾಗದ ಸ್ಥಿತಿ. ಕಾಲು ಬಾತವು, ನಾಲ್ಕು ಹೆಜ್ಜೆಗೆ ಏದುಸಿರು. ಗಂಡ ಗಾಡಿ ಕಟ್ಟಿ ಸಿಂಧನೂರಿನ ದವಾಖಾನೆಗೆ ಕರೆದೊಯ್ದು ಮಣ್ಣಿನ ಸಂಗತಿಯನ್ನೂ ಹೇಳಿದ. ಡಾಕ್ಟರರು ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ ಉರ್ದುವಿನಲ್ಲಿ ಏನೋ ಹೇಳಿದರು. ಕಂಪೌಂಡರ್ ಕನ್ನಡದಲ್ಲಿ ತಿಳಿಸಿದ.

"ಮೈಯಾಗ ರಕ್ತಾನ ಇಲ್ಲ ತಂಗಿ. ಮಣ್ಣು ಬಿಡದಿದ್ರ ಹೆರಿಗಿ ಹೊತ್ತಿನ್ಯಾಗ ನೀನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ."

"ಬಿಡ್ತೀನ್ರಿ," ಅಂದೆ. ಸುಳ್ಳು ಹೇಳಲಿಲ್ಲ, ಬಿಡಬೇಕೆಂದೇ ಅಂದೆ. ನಾಲ್ಕು ದಿನ ಬಿಟ್ಟೆ ಕೂಡ. ಐದನೇ ದಿನ ಕೈ ತಾನಾಗಿ ಗೋಡೆಗೆ ಹೋಯಿತು. ಸಾವಿನ ಹೆದರಿಕೆ ಇತ್ತು, ಆದರೂ ಹೋಯಿತು.

ಈಗ ಅತ್ತೆಗೂ ದಿಗಿಲು. ಬೇವಿನ ಸೊಪ್ಪು ಅರೆದು ಸಗಣಿಯಲ್ಲಿ ಕಲಸಿ ಗೋಡೆಗೆಲ್ಲ ಬಳಿದಳು. ನಾನೇನು ಮಾಡಿದೆ ಗೊತ್ತೇ? ಮಸ್ಕಿಗೆ ಹೊರಟಿದ್ದ ಬಳೆಗಾರ್ತಿಯ ಕೈಲಿ ಅವ್ವನಿಗೆ ಹೇಳಿಕಳಿಸಿದೆ, ನಮ್ಮೂರ ಕೆಮ್ಮಣ್ಣು ಬೇಕೆಂದು. ಡಾಕ್ಟರರ ಮಾತನ್ನು ಹೇಳಿಕಳಿಸಲಿಲ್ಲ.

ಏಳನೇ ತಿಂಗಳು ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅವ್ವ ಬಯಕೆ ಬುತ್ತಿ ಹೊತ್ತು ಬಂದಳು. ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ರೊಟ್ಟಿಯ ಕೆಳಗೆ ಬಿಳಿ ಅರಿವೆಯ ಗಂಟು. ಬುಟ್ಟಿ ಬಿಚ್ಚಿದವಳು ಅತ್ತೆ.

"ಇದೇನ್ರಿ ಬೀಗತಿ, ಕುಬಸ ಮಾಡಾಕ ಬಂದೀರೋ, ಮಗಳಿಗೆ ಮಣ್ಣು ಹಾಕಾಕ ಬಂದೀರೋ?"

"ಕೂಸು ಬೇಡಾಕತ್ತೈತಿ ಅಂತ ಹೇಳಿ ಕಳಿಸ್ಯಾಳ್ರಿ," ಅಂದಳು ಅವ್ವ. "ಜರಡಿ ಹಿಡಿದು, ಒಲ್ಯಾಗ ಸುಟ್ಟು ತಂದೀನಿ. ಹೊಲಸಿಲ್ರಿ."

"ದವಾಖಾನ್ಯಾಗ ಏನಂದ್ರು, ಅದನ್ನ ಹೇಳಿ ಕಳಿಸ್ಯಾಳೇನು?"

ಅತ್ತೆ ಎಲ್ಲ ಹೇಳಿದಳು. ಅವ್ವ ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನೀ ಬಾಯಿಬಿಟ್ಟು ಕೇಳಿದ್ದಕ್ಕ ತಂದ್ನಲ್ಲ ಯವ್ವಾ," ಅಂದಳು. ಆರತಿ ಎತ್ತುವ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಆ ಹೊತ್ತಿನಲ್ಲೂ ನನ್ನ ಮೂಗಿಗೆ ಸುಟ್ಟ ಮಣ್ಣಿನ ವಾಸನೆಯೊಂದೇ. ಕೈ ಚಾಚಿದೆ. ಇಬ್ಬರೂ ನನ್ನ ಕೈ ನೋಡಿದರು, ಯಾರೂ ತಡೆಯಲಿಲ್ಲ. ಅವ್ವನ ಮಡಿಲಿನ ಗಂಟು ನಾನೇ ಎತ್ತಿಕೊಂಡೆ. ಅವರಾದರೂ ಏನು ಮಾಡಿಯಾರು? ಕೊಟ್ಟರೆ ರಕ್ತದ ಭಯ, ಕೊಡದಿದ್ದರೆ ಕೂಸಿನ ಕಿವಿಯ ಭಯ.

ಹೆಣ್ಣು ಹುಟ್ಟಿತು, ಬೆಕ್ಕಿನ ಮರಿಯಷ್ಟು. ಅದೂ ಉಳಿಯಿತು, ಹೇಗೋ ನಾನೂ ಉಳಿದೆ. ಆದರೆ ಎರಡು ತಿಂಗಳು ಎದ್ದು ಕೂಡಲಾಗಲಿಲ್ಲ, ಎದೆಯಲ್ಲಿ ಹಾಲಿಲ್ಲ. ಪಕ್ಕದ ಮನೆಯಾಕೆ ತನ್ನ ಮಗನ ಜೊತೆ ಅದಕ್ಕೂ ಕುಡಿಸಿದಳು. ಆಕೆ ಹೊಲಕ್ಕೆ ಹೋದಾಗ ಅದು ಅಳುತ್ತಿತ್ತು, ನಾನು ಕೇಳುತ್ತ ಮಲಗಿರುತ್ತಿದ್ದೆ. ಮಣ್ಣಿನ ಆಸೆ ಮಾತ್ರ ಹೆರಿಗೆಯಾದ ವಾರದಲ್ಲೇ ತಾನಾಗಿ ಹೋಗಿತ್ತು.

ರಕ್ತ ಕಡಿಮೆಯಾದರೆ ಮಣ್ಣು ಬೇಕೆನಿಸುತ್ತದೆ, ಮಣ್ಣು ತಿಂದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ನರ್ಸಮ್ಮ ಹೇಳಿದರು. ಆಗಲೇ ಗೊತ್ತಿದ್ದರೆ ಬಿಡುತ್ತಿದ್ದೆನೇ? ಸಾಯುತ್ತೀ ಎಂದು ಹೇಳಿದ್ದರಲ್ಲ, ಬಿಟ್ಟೆನೇ?

ನೀವೂ ತಿಂದಿದ್ದರೆ ಬರೆಯಿರಿ. ನಡುವೆಯೇ ಬಿಟ್ಟವರು ಇದ್ದರೆ, ಹೇಗೆ ಬಿಟ್ಟಿರಿ ಎಂಬುದನ್ನು ಮೊದಲು ಬರೆಯಿರಿ. ನನಗೆ ಇವತ್ತಿಗೂ ಗೊತ್ತಿಲ್ಲ.